ಗಿಡಗಳ ನಡುವಿನಿಂದ ದಿಮ್ಮಿ ಎಳೆಯಲು ಎತ್ತುಗಳ ಉಪಯೋಗ

ಗಿಡ ಬೆಳೆಸುವದು ಎಷ್ಟು ಅವಶ್ಯವೋ, ಬಲಿತ ಗಿಡವನ್ನು ಕಡಿದು ಉಳಿದವುಗಳಿಗೆ ಧಕ್ಕೆಯಾಗದಂತೆ ಹೊರಗೆ ತರುವದೂ ಅಷ್ಟೇ ಅವಶ್ಯವು. ಬೆಳ್ಳಟ್ಟಿಯ ಸುತ್ತಲಿನ ಗೌಡರೂ ಜಮೀನುದಾರರೂ ಈ ಮಾತನ್ನು ಲಕ್ಷ್ಯಕ್ಕೆ ತಂದುಕೊಳ್ಳತಕ್ಕದ್ದು.

ಬೆಲ್ಜಿಯಂ ಮತ್ತು ಫ್ರಾನ್ಸ್ ದೇಶಗಳಲ್ಲಿ ಆರ್ಡೆನ್ ತಳಿಯ ದಪ್ಪ ಕುದುರೆಗಳಿಂದ ಇಂದಿಗೂ ಕೆಲವೆಡೆ ದಿಮ್ಮಿ ಎಳೆಸುವರು. ಕೊಡಗಿನ ದುಬಾರೆಯಲ್ಲಿ ಹಿಂದೆ ಆನೆಗಳು ಈ ಕೆಲಸ ಮಾಡುತ್ತಿದ್ದವು. ನಮ್ಮ ಸೀಮೆಗೆ ಎತ್ತುಗಳೇ ಯೋಗ್ಯ.

ಟ್ರ್ಯಾಕ್ಟರಿನ ಗಾಲಿಯು ಹಸಿಯಾದ ಎರೆ ಮಣ್ಣನ್ನು ಒತ್ತಿ ಗಟ್ಟಿ ಮಾಡುವದು. ಒತ್ತಿದ ಮಣ್ಣಿನಲ್ಲಿ ಮಳೆಯ ನೀರು ಇಂಗದು. ಬೇರುಗಳಿಗೆ ಗಾಳಿ ಸಾಲದು. ಅದಲ್ಲದೆ ಯಂತ್ರಕ್ಕೆ ಅಗಲ ದಾರಿ ಬೇಕು. ದಾರಿಗಾಗಿ ಎಳೆಯ ಗಿಡಗಳು ಬಲಿಯಾಗುವವು. ಎತ್ತಿನ ಜೋಡಿಯಾದರೋ ಇಕ್ಕಟ್ಟಿನಲ್ಲಿಯೂ ತಿರುಗುವದು. ಆದರೆ ಬಹಳ ಭಾರದ ದಿಮ್ಮಿಗಳನ್ನು ಎತ್ತುಗಳಿಂದ ಎಳೆಸಬಾರದು. ಅವನ್ನು ತುಂಡು ಮಾಡತಕ್ಕದ್ದು. ರಸ್ತೆಗೆ ಬಂದ ಮೇಲೆ ಸಾಗಿಸಲು ಯಂತ್ರವೇ ಲೇಸು.

ಕೆಲಸದ ಕ್ರಮವು ಹೀಗಿರಲಿ. ನೆಲ ಒಣಗಿದ ಮೇಲೆಯೇ ಎಳೆಸಬೇಕು. ಟೊಂಗೆಗಳನ್ನು ಸವರಿ, ದಪ್ಪ ತುದಿಗೆ ಸರಪಳಿ ಬಿಗಿದು, ಆ ತುದಿಯು ನೆಲ ಉಳದಂತೆ ತುಸು ಎತ್ತಿ ಕಟ್ಟಬೇಕು. ಎಲ್ಲ ದಿಮ್ಮಿಗಳನ್ನೂ ಒಂದೇ ಹಾದಿಯಿಂದ ತರಬೇಕು. ಕಡಿದಾದ ಇಳಿಜಾರಿನಲ್ಲಿ ನೇರವಾಗಿ ಕೆಳಗೆ ಎಳೆಸಿದರೆ ದಿಮ್ಮಿಯು ಜಾರಿ ಎತ್ತುಗಳ ಕಾಲಿಗೆ ಬಡಿಯುವದು. ಹೊಡೆಯುವವನು ದಿಮ್ಮಿಯ ಕೆಳಬದಿಯಲ್ಲಿಯಾಗಲಿ, ಎತ್ತು ಮತ್ತು ದಿಮ್ಮಿಯ ನಡುವೆಯಾಗಲಿ ನಿಲ್ಲಲಾಗದು. ನೊಗ ತಾಗುವ ಹೆಗಲನ್ನು ದಿನಾಲು ನೋಡಬೇಕು. ಹುಣ್ಣಾದ ಎತ್ತನ್ನು ಹೂಡಬಾರದು.

ಎರೆ ಭೂಮಿಯ ಭಾರದ ಕೆಲಸಕ್ಕೆಂದೇ ಹೆಸರಾದ ಕೃಷ್ಣಾ ಕಣಿವೆಯ ತಳಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಸಾಂಗಲಿ, ಮಿರಜಗಳ ಪಟವರ್ಧನ ಅರಸರು ಪೋಷಿಸಿದರು. ಶಿರಹಟ್ಟಿಯೂ 1948 ರ ವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದಿತು. ಇಂದು ಆ ತಳಿಯು ವಿರಳವಾಗಿದೆ. ಜೋಡಿ ಮಾರಿಹೋದ ಮನೆಯಲ್ಲಿ ಎತ್ತು ಪಳಗಿಸುವ ಜಾಣ್ಮೆಯೂ ಒಂದು ತಲೆಮಾರಿನಲ್ಲಿ ಅಳಿಯುವದು. ಹಣ ಕೊಟ್ಟರೂ ಅದು ಮರಳಿ ದೊರೆಯದು. ಆದುದರಿಂದ ಪ್ರತಿ ಊರಿನ ಹಿರಿಯರು ಕೆಲವು ಪಳಗಿದ ಜೋಡಿಗಳಾದರೂ ಊರಲ್ಲಿ ಉಳಿಯುವಂತೆ ನೋಡತಕ್ಕದ್ದು.

ಕಡೆಯ ಸೂಚನೆ: 1976 ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ, ವಿನಾಯಿತಿ ಪಡೆದ ಜಾತಿಗಳ ಹೊರತು, ಸ್ವಂತ ಹೊಲದ ಗಿಡ ಕಡಿಯಲೂ ಅಪ್ಪಣೆ ಬೇಕು. ಕಪ್ಪತಗುಡ್ಡವು 2019 ರಲ್ಲಿ ವನ್ಯಜೀವಿಧಾಮವಾಗಿರುವದರಿಂದ ಅಲ್ಲಿ ಕೊಡಲಿ ಹಾಕಲೇಕೂಡದು.