ಮೂರು ನಿಮಿಷದಲ್ಲಿ ಮೂರು ಅಂಕ

ಶನಿವಾರದ ಮರಾಠಿ ಪತ್ರಿಕೆ ಕೈಗೆ ಬಂದರೆ ನಾನು ಮೊದಲು ತಿರುವುವುದು ನಾಟಕದ ಜಾಹೀರಾತುಗಳ ಪುಟ. ದಾದರದ ಶಿವಾಜಿ ಮಂದಿರ, ಮಾಟುಂಗಾದ ಯಶವಂತ ನಾಟ್ಯಮಂದಿರ, ಪಾರ್ಲೆಯ ದೀನಾನಾಥ, ಮುಲುಂಡಿನ ಕಾಳಿದಾಸ, ಠಾಣೆಯ ಗಡಕರಿ ರಂಗಾಯತನ. ಒಂದೊಂದು ನಾಟಕದ ಹೆಸರಿನ ಪಕ್ಕದಲ್ಲೂ ಅದು ಎಷ್ಟನೆಯ ಪ್ರಯೋಗವೆಂದು ಅಚ್ಚಾಗಿರುತ್ತದೆ. ಇಷ್ಟು ಸಲ ಜನ ಬಂದು ಕೂತಿದ್ದಾರೆ ಎಂದ ಮೇಲೆ ಬೇರೆ ಶಿಫಾರಸು ಏಕೆ ಬೇಕು? ಅದೇ ನಾಟಕ ಸಿನಿಮಾ ಆಗಿ ಬರುವಾಗ ಮಾತ್ರ ಗಳಿಸಿದ್ದನ್ನೆಲ್ಲ ಹೊರಗಿಟ್ಟು, ಮೂರು ನಿಮಿಷದ ಟ್ರೇಲರ್ ಹಿಡಿದುಕೊಂಡು ಹೊಸಬರಂತೆ ಬಾಗಿಲು ತಟ್ಟಬೇಕು.

ಆ ಮೂರು ನಿಮಿಷವನ್ನು ಈ ಮುಂಬಯಿ ನೋಡುವುದಾದರೂ ಎಲ್ಲಿ? ಡೊಂಬಿವಲಿಯಿಂದ ಹೊರಟ ಫಾಸ್ಟ್ ಲೋಕಲ್‌ನಲ್ಲಿ, ಒಂದು ಕೈ ಮೇಲಿನ ಹಿಡಿಕೆಗೆ, ಇನ್ನೊಂದು ಕೈಯಲ್ಲಿ ಮೊಬೈಲು. ಕುರ್ಲಾ ದಾಟುವಷ್ಟರಲ್ಲಿ ಟ್ರೇಲರ್ ಮುಗಿದಿರುತ್ತದೆ, ದಾದರ್ ಬರುವಷ್ಟರಲ್ಲಿ ತೀರ್ಪೂ ಆಗಿರುತ್ತದೆ. ‘ಕಥೆ ಕೆಡಿಸಿದ್ದಾರೆ’, ‘ಆ ಪಾತ್ರಕ್ಕೆ ಈ ಮುಖವೇ?’ ಮೂಲವನ್ನು ಪ್ರೀತಿಸಿದವರ ಬಾಯಲ್ಲೇ ಈ ಮಾತು ಮೊದಲು ಬರುತ್ತದೆ.

ನನ್ನ ಬಾಯಲ್ಲೂ ಬಂದಿತ್ತು. ‘ನಟಸಮ್ರಾಟ್’ ಟ್ರೇಲರ್ ನೋಡಿದ ದಿನ. ವಿ.ವಾ. ಶಿರ್ವಾಡ್ಕರ್ ಬರೆದು 1970ರಲ್ಲಿ ರಂಗಕ್ಕೆ ಬಂದ ಆ ನಾಟಕದ ಅಪ್ಪಾ ಬೆಲ್ವಲ್ಕರ್ ಎಂದರೆ ಈ ಊರಿನ ಹಿರಿಯರಿಗೆ ಡಾ. ಶ್ರೀರಾಮ್ ಲಾಗೂ, ಅಷ್ಟೇ. ಮಹೇಶ್ ಮಾಂಜ್ರೇಕರ್ ಅದನ್ನು ಸಿನಿಮಾ ಮಾಡಿ 2016ರ ಜನವರಿ 1ಕ್ಕೆ ತೆರೆಗೆ ತಂದರು. ಟ್ರೇಲರ್‌ನಲ್ಲಿ ನನಗೆ ಕೇಳಿಸಿದ್ದು ಅಪ್ಪಾ ಪಾತ್ರದ ನಾನಾ ಪಾಟೇಕರ್ ಅವರ ಕಂಠ ಮಾತ್ರ. ಅಬ್ಬರ ಹೆಚ್ಚಾಯಿತು ಎಂದು ತೀರ್ಮಾನಿಸಿಬಿಟ್ಟೆ. ಸಿನಿಮಾಕ್ಕೆ ಹೋದಾಗ ನನ್ನನ್ನು ಹಿಡಿದು ಕೂರಿಸಿದ್ದು ಬೇರೆಯೇ. ಮೂಲ ನಾಟಕದಲ್ಲಿ ಇಲ್ಲದ ಗೆಳೆಯ ರಾಮಭಾವು ಅಲ್ಲಿದ್ದ, ವಿಕ್ರಮ್ ಗೋಖಲೆ ಆಗಿ. ಆಸ್ಪತ್ರೆಯಲ್ಲಿ ಇಬ್ಬರು ಮುದಿ ನಟರು ಹಳೆಯ ಪಾತ್ರಗಳನ್ನು ಮತ್ತೆ ಮೈಮೇಲೆ ತಂದುಕೊಳ್ಳುವ ದೃಶ್ಯದಲ್ಲಿ ಮಾತಿಗಿಂತ ಮಾತಿನ ನಡುವಿನ ಉಸಿರೇ ದೊಡ್ಡದು. ಆ ಉಸಿರು ಟ್ರೇಲರ್‌ಗೆ ದಕ್ಕುವಂಥದ್ದಲ್ಲ. ಒಂದು ವಾರ ಮೊದಲು ನಾನು ಕೊಟ್ಟ ತೀರ್ಪಿನಿಂದ ಇಬ್ಬರು ಗೆಳತಿಯರು ಟಿಕೆಟ್ ತೆಗೆಯದೆ ಉಳಿದರು. ಆ ಬೇಸರ ನನಗೆ ಇನ್ನೂ ಇದೆ.

ಟ್ರೇಲರ್ ಎಂದರೆ ಹಿಂದೆ ಎಳೆದುಕೊಂಡು ಬರುವುದು. ಮೊದಮೊದಲು ಅದನ್ನು ಸಿನಿಮಾ ಮುಗಿದ ಮೇಲೆ ತೋರಿಸುತ್ತಿದ್ದರಂತೆ, ಆದ್ದರಿಂದ ಆ ಹೆಸರು. ಮುಗಿದೊಡನೆ ಜನ ಎದ್ದು ಹೋಗುತ್ತಾರೆಂದು ಅದು ಮುಂದಕ್ಕೆ ಬಂತು. ಈಗ ಅದನ್ನು ಕತ್ತರಿಸುವುದೇ ಒಂದು ಪ್ರತ್ಯೇಕ ಕಸುಬು. ಎಷ್ಟೋ ಸಲ ಸಿನಿಮಾದ ಸಂಕಲನಕಾರರು ಒಬ್ಬರು, ಟ್ರೇಲರ್ ಕತ್ತರಿಸುವವರು ಇನ್ನೊಬ್ಬರು. ಅವರ ಮೇಜಿನ ಮೇಲೆ ಕಾದಂಬರಿಯ ಪ್ರತಿ ಇರಲೇಬೇಕೆಂದಿಲ್ಲ.

ಟ್ರೇಲರ್ ನಂಬಿ ಹೋದವರ ಗತಿ ಏನೆಂಬ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿದೆ. 2016ರ ‘ಫ್ಯಾನ್’ ಚಿತ್ರದ ಪ್ರಚಾರದಲ್ಲಿ ಇದ್ದ ಹಾಡು ಚಿತ್ರದಲ್ಲಿ ಇರಲಿಲ್ಲ. ಅದನ್ನು ನೋಡಲೆಂದೇ ಮಕ್ಕಳನ್ನು ಕರೆದುಕೊಂಡು ಹೋಗಿದ್ದ ಮಹಾರಾಷ್ಟ್ರದ ಪ್ರೇಕ್ಷಕಿಯೊಬ್ಬರು ಗ್ರಾಹಕ ವೇದಿಕೆಯ ಮೆಟ್ಟಿಲೇರಿದರು. ರಾಜ್ಯ ಆಯೋಗ 10,000 ರೂಪಾಯಿ ಪರಿಹಾರ ಕೊಡಿಸಿತು, ರಾಷ್ಟ್ರೀಯ ಆಯೋಗ ಅದನ್ನೇ ಎತ್ತಿಹಿಡಿಯಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಪ್ರಚಾರದ ಟ್ರೇಲರ್ ಕರಾರಲ್ಲ, ಅದರಲ್ಲಿದ್ದದ್ದೆಲ್ಲ ಚಿತ್ರದಲ್ಲಿ ಇರುತ್ತದೆಂಬ ವಾಗ್ದಾನವೂ ಅಲ್ಲ ಎಂಬುದು ಅದರ ತಿರುಳು.

ಕಾನೂನಿನ ಮಾತು ಸರಿಯಿರಬಹುದು. ಆದರೆ ಕೃತಿಯಿಂದ ಬಂದ ಚಿತ್ರದ ಲೆಕ್ಕ ಬೇರೆ. ಅಲ್ಲಿ ವಾಗ್ದಾನ ಟ್ರೇಲರ್‌ಗಿಂತ ಎಷ್ಟೋ ವರ್ಷ ಮೊದಲೇ ಆಗಿಹೋಗಿರುತ್ತದೆ. ಕೊಟ್ಟದ್ದು ಪುಸ್ತಕ, ಪಡೆದದ್ದು ಓದುಗ. 1972ರಲ್ಲಿ ಪುಟ್ಟಣ್ಣ ಕಣಗಾಲ್ ‘ನಾಗರಹಾವು’ ತೆಗೆದಾಗ ಜನ ಅದರ ನಾಯಕ ರಾಮಾಚಾರಿಯನ್ನು ತಲೆಯ ಮೇಲೆ ಹೊತ್ತುಕೊಂಡರು, ಮೂಲ ಕಾದಂಬರಿ ಬರೆದ ತರಾಸು ಮಾತ್ರ ತಮ್ಮ ನಾಗರ ಕೇರೆಯಾಯಿತೆಂದು ನೊಂದುಕೊಂಡರು. ಇಬ್ಬರದೂ ನಿಜ. ಬರೆದವರಿಗೂ ಓದಿದವರಿಗೂ ಆಗುವ ಆ ನೋವನ್ನು ‘ಅದು ಬೇರೆ ಮಾಧ್ಯಮ’ ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕುವವರ ಜೊತೆ ನಾನು ನಿಲ್ಲಲಾರೆ.

ಹಾಗಾದರೆ ಟ್ರೇಲರ್‌ನಲ್ಲಿ ಏನನ್ನು ನೋಡಬೇಕು? ಇದನ್ನು ನನಗೆ ಕಲಿಸಿದ್ದು ಸಂಗೀತ ನಾಟಕ. ಮರಾಠಿ ಸಂಗೀತ ನಾಟಕದ ಬೇರು ನಮ್ಮ ನೆಲದಲ್ಲೂ ಇದೆ. ಅದಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಖಾಡಿಲ್ಕರ್ ಅವರ 1911ರ ‘ಮಾನಾಪಮಾನ’ವನ್ನು 1921ರ ಜುಲೈ 8ರಂದು ಇದೇ ಮುಂಬಯಿಯಲ್ಲಿ ಬಾಲಗಂಧರ್ವ ಮತ್ತು ಕೇಶವರಾವ್ ಭೋಸಲೆ ಕೂಡಿ ಆಡಿದರು, ತಿಲಕ್ ಸ್ವರಾಜ್ಯ ನಿಧಿಗಾಗಿ. ಆ ಸಂಜೆಯ ಮಾತು ಇಲ್ಲಿನ ಮನೆಗಳಲ್ಲಿ ತಲೆಮಾರು ದಾಟಿ ಬಂದಿದೆ. ಸುಬೋಧ್ ಭಾವೆ ಆ ನಾಟಕದ ಎಳೆ ಹಿಡಿದು 2025ರ ಜನವರಿಯಲ್ಲಿ ಚಿತ್ರ ತಂದರು. ಅದಕ್ಕೂ ಮೊದಲು, 2015ರ ದೀಪಾವಳಿಗೆ, ಪುರುಷೋತ್ತಮ ದಾರ್ವ್ಹೇಕರ್ ಅವರ 1967ರ ನಾಟಕ ‘ಕಟ್ಯಾರ್ ಕಾಳಜಾತ್ ಘುಸಲೀ’ ಭಾವೆ ಅವರದೇ ನಿರ್ದೇಶನದಲ್ಲಿ ತೆರೆಗೆ ಬಂದಿತ್ತು. ಎರಡು ಘರಾನಾಗಳ ಪೈಪೋಟಿಯ ಕಥೆ ಅದು. ರಂಗದ ಮೇಲೆ ವಸಂತರಾವ್ ದೇಶಪಾಂಡೆ ಹಾಡುವಾಗ ಎದುರು ಕುಳಿತು ಕೇಳಿದವರಿಗೆ ಗೊತ್ತು, ಒಂದು ತಾನ್ ಎಲ್ಲೆಲ್ಲೋ ಅಲೆದು ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಬಂದು ಬೀಳುವಾಗ ಸಭೆ ಒಟ್ಟಿಗೆ ತಲೆದೂಗುತ್ತದೆ. ಟ್ರೇಲರ್ ಎಂಬುದು ಸಮ್ ಬರುವ ಮೊದಲೇ ಕತ್ತರಿ ಹಾಕುತ್ತದೆ. ಹಾಕಲೇಬೇಕು, ಅದರ ಕೆಲಸವೇ ಅದು. ಆದರೆ ಅಷ್ಟರಲ್ಲೇ ಹಾಡುವವನ ಮುಖದ ಮೇಲೆ ಕ್ಯಾಮೆರಾ ಒಂದು ಆವರ್ತನದಷ್ಟಾದರೂ ನಿಂತಿತೇ ಎಂದು ನೋಡುತ್ತೇನೆ. ನಿಂತಿದ್ದರೆ, ಕ್ಯಾಮೆರಾದ ಹಿಂದೆ ಯಾರೋ ಕೇಳಿಸಿಕೊಂಡಿದ್ದಾರೆ ಎಂದು ಅರ್ಥ.

ಇನ್ನೊಂದು, ಮಾತಿನ ಮಣ್ಣು. ಮುಖ, ಬಣ್ಣ, ಹಿನ್ನೆಲೆ ಸಂಗೀತ ಎಲ್ಲವನ್ನೂ ಟ್ರೇಲರ್‌ಗಾಗಿ ತಿದ್ದಬಹುದು; ಪಾತ್ರ ಆಡುವ ನುಡಿಯನ್ನು ಮುಚ್ಚಿಡುವುದು ಕಷ್ಟ. ತೇಜಸ್ವಿಯವರ ಕತೆಯಿಂದ ಬಂದ ‘ಡೇರ್‌ಡೆವಿಲ್ ಮುಸ್ತಾಫಾ’ಕ್ಕೆ ತೇಜಸ್ವಿ ಓದುಗರೇ ಕೈಯಿಂದ ಹಣ ಹಾಕಿದ್ದರು. 2023ರಲ್ಲಿ ಅದರ ಟ್ರೇಲರನ್ನು ನಾನು ಕಣ್ಣು ಮುಚ್ಚಿಕೊಂಡು ಒಮ್ಮೆ ಕೇಳಿದೆ. ಕತೆ ನಡೆಯುವ ಅಬಚೂರಿನ ಹುಡುಗರ ಕನ್ನಡ ಕಿವಿಗೆ ಬಿದ್ದ ಮೇಲೆ ನನಗೆ ಚಿಂತೆ ಉಳಿಯಲಿಲ್ಲ. ಕಣ್ಣು ಮುಚ್ಚಿ ಕೇಳುವ ಈ ಅಭ್ಯಾಸವನ್ನು ಎಲ್ಲರಿಗೂ ಹೇಳುತ್ತೇನೆ, ಲೋಕಲ್‌ನ ಗದ್ದಲದಲ್ಲೂ ಇಯರ್‌ಫೋನ್ ಇದ್ದರೆ ಸಾಕು.

ನಾನು ಕಾದು ಕೂತಿರುವ ಟ್ರೇಲರ್ ಒಂದಿದೆ: ಯಶವಂತ ಚಿತ್ತಾಲರ ‘ಶಿಕಾರಿ’ಯದು. 1979ರ ಕಾದಂಬರಿ, ಈ ಮುಂಬಯಿಯದೇ ಕಾದಂಬರಿ. ಅದರ ಬೇಟೆಯೆಲ್ಲ ನಾಯಕ ನಾಗಪ್ಪನ ತಲೆಯೊಳಗೆ ನಡೆಯುತ್ತದೆ, ಟ್ರೇಲರ್‌ಗೆ ಬೇಕಾದ ಓಟ, ಹೊಡೆತ ಯಾವುದೂ ಅಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಯಾರಾದರೂ ಧೈರ್ಯ ಮಾಡಿದರೆ, ಪ್ರಖ್ಯಾತ ನಟ ಬೇಡ, ಡ್ರೋನ್ ಹಾರಿಸಿ ತೆಗೆದ ಸೀ-ಲಿಂಕೂ ಬೇಡ. ಹಳೆಯ ಕಟ್ಟಡವೊಂದರ ಮರದ ಮೆಟ್ಟಿಲು, ಅಮಾನತಿನ ಸುದ್ದಿ ತಿಳಿದ ಒಬ್ಬ ಮನುಷ್ಯ, ಮೇಲಕ್ಕೆ ಹೋಗಬೇಕೋ ಕೆಳಕ್ಕೋ ತಿಳಿಯದೆ ನಿಂತಿದ್ದಾನೆ. ಹಿನ್ನೆಲೆಯಲ್ಲಿ ಸಂಗೀತವಿಲ್ಲ, ದೂರದಲ್ಲಿ ಲೋಕಲ್ ಹೋದ ಸದ್ದು. ಹತ್ತು ಸೆಕೆಂಡು. ಅಷ್ಟು ತೋರಿಸಲಿ, ಮೊದಲ ದಿನದ ಮೊದಲ ಆಟಕ್ಕೆ ಆ ಇಬ್ಬರು ಗೆಳತಿಯರನ್ನೂ ಸೇರಿಸಿ ಮೂರು ಟಿಕೆಟ್ ತೆಗೆಯುತ್ತೇನೆ.