ಕಡಲಾಚೆಯ ಆದೇಶಸಂಧಿ

ಕೊರಿಯಾ ಎಂಬ ಹೆಸರು ಬಾಲ್ಯದಲ್ಲಿ ನನ್ನ ಕಿವಿಗೆ ಬಿದ್ದುದು ಕೊಡಗಿನ ಜನರಲ್ ತಿಮ್ಮಯ್ಯನವರ ದೆಸೆಯಿಂದ. 1953ರಲ್ಲಿ ಅಲ್ಲಿಯ ಯುದ್ಧವು ನಿಂತ ಬಳಿಕ, ಸ್ವದೇಶಕ್ಕೆ ಮರಳಲೊಲ್ಲದ ಸೆರೆಯಾಳುಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕನ್ನಡ ನಾಡಿನವರೊಬ್ಬರು ಅಧ್ಯಕ್ಷರಾಗಿದ್ದರೆಂಬುದನ್ನು ನಮ್ಮ ತಂದೆಯವರು ಅಭಿಮಾನದಿಂದ ಹೇಳುತ್ತಿದ್ದರು. ಆ ದೇಶದ ವಿಷಯದಲ್ಲಿ ನನಗಿದ್ದ ತಿಳಿವಳಿಕೆ ಅರುವತ್ತು ವರ್ಷಗಳ ಕಾಲ ಅಷ್ಟಕ್ಕೇ ನಿಂತಿತ್ತು. 2020ರಲ್ಲಿ ಸೋಂಕಿಗೆ ಅಂಜಿ ಲೋಕವೆಲ್ಲ ಕದವಿಕ್ಕಿ ಕುಳಿತಾಗ, ಕಾಲೇಜು ಮುಚ್ಚಿದ್ದರಿಂದ ತುಮಕೂರಿನಿಂದ ಕೊರಟಗೆರೆಗೆ ಬಂದ ಮೊಮ್ಮಗಳು ನಡುಮನೆಯ ಟಿ.ವಿ.ಗೆ ಇಂಟರ್‌ನೆಟ್ ಜೋಡಿಸಿ, ‘ರಿಪ್ಲೈ 1988’ ಎಂಬ ಧಾರಾವಾಹಿಯನ್ನು ಹಾಕಿದಳು.

ಒಲಿಂಪಿಕ್ಸ್ ನಡೆದ ವರ್ಷದ ಸೋಲ್ ನಗರ. ಅದರೊಳಗೆ ಸಾಂಗ್ಮುನ್‌ದೊಂಗ್ ಎಂಬ ಬಡಾವಣೆಯ ಒಂದು ಗಲ್ಲಿ. ಆ ಗಲ್ಲಿಯಲ್ಲಿ ಐದು ಸಂಸಾರಗಳು. ಮೊದಲ ಕಂತಿನಲ್ಲಿಯೇ ಒಂದು ಮನೆಯ ಪಲ್ಯ ಇನ್ನೊಂದು ಮನೆಗೆ, ಆ ಮನೆಯದು ಮತ್ತೊಂದಕ್ಕೆ, ಹೀಗೆ ಮಕ್ಕಳ ಕೈಯಲ್ಲಿ ತಟ್ಟೆಗಳು ಸಂಚರಿಸುವ ದೃಶ್ಯವನ್ನು ಕಂಡು, ಅಡುಗೆಮನೆಯಿಂದ ಬಂದು ನಿಂತಿದ್ದ ನಮ್ಮಾಕೆ, “ಇದೇನ್ರೀ, ನಮ್ಮ ಬೀದಿ ಇದ್ದಂಗೇ ಐತಲ್ಲ!” ಎಂದು ಅಲ್ಲಿಯೇ ಕುಳಿತುಬಿಟ್ಟಳು. ಆಕೆಯ ಮಾತು ದಿಟ. ಹುರುಳಿಕಾಳಿನ ಬಸ್ಸಾರು ಮಾಡಿದ ದಿನ ಪಕ್ಕದ ಮನೆಗೆ ಒಂದು ಬಟ್ಟಲು ಹೋಗದಿದ್ದರೆ, ಆ ಬಟ್ಟಲು ಬರಿದಾಗಿ ಮರಳಿ ಬಂದರೆ, ಎರಡೂ ನಮ್ಮಲ್ಲಿ ಕೊರತೆಯೇ.

ಆದರೆ ನನ್ನನ್ನು ಸೆಳೆದುದು ಕಥೆಗಿಂತ ಹೆಚ್ಚಾಗಿ ಮಾತು. ಒಂದು ಸಂಜೆ ತೆರೆಯ ಮೇಲೆ ತಾಯಿಯೊಬ್ಬಳು ಮಗುವಿನ ಮುಂದೆ ತುತ್ತನ್ನು ಹಿಡಿದು “ಮೊಗೊ ಬ್ವಾ” ಎಂದಳು. ಕೆಳಗೆ ಮೂಡಿದ ಇಂಗ್ಲಿಷ್ ಅಕ್ಷರಗಳನ್ನು ಓದಿ ಮೊಮ್ಮಗಳು, “ಟ್ರೈ ಮಾಡು ಅಂತಾಳೆ, ತಾತ” ಎಂದಳು. ಬಿಡಿಬಿಡಿಯಾಗಿ ಅರ್ಥವೇನೆಂದು ಕೇಳಲು, ತನ್ನ ಮೊಬೈಲಿನಲ್ಲಿ ತಡಕಿ, ಮೊದಲ ಪದ ‘ತಿಂದು’, ಎರಡನೆಯದು ‘ನೋಡು’ ಎಂದು ತಿಳಿಸಿದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣವನ್ನು ಬೋಧಿಸಿದವನಿಗೆ ಆ ಕ್ಷಣದಲ್ಲಿ ಆದ ರೋಮಾಂಚವನ್ನು ಹೇಗೆ ವರ್ಣಿಸಲಿ! ತಿಂದು ನೋಡು! ಕಣ್ಣಿಗೆ ಸಂಬಂಧವೇ ಇಲ್ಲದ ಈ ‘ನೋಡು’ವನ್ನು ನಾವು ಯಾವ ಅರ್ಥದಲ್ಲಿ ನಾಲಗೆಗೆ ಹಚ್ಚುತ್ತೇವೆಯೋ ಅದೇ ಅರ್ಥದಲ್ಲಿ ಅವರೂ ಹಚ್ಚುತ್ತಾರೆ. ಅಂದಿನಿಂದ ನಾನೊಂದು ನೋಟುಬುಕ್ಕನ್ನು ಮಡಿಲಲ್ಲಿಟ್ಟುಕೊಂಡೇ ಟಿ.ವಿ.ಯ ಮುಂದೆ ಕೂರಲಾರಂಭಿಸಿದೆನು. ‘ಹೆ ಜುದಾ’ ಎಂದರೆ ಮಾಡಿ ಕೊಡುವುದು. ‘ಕಾ ಬೊರಿದಾ’ ಎಂದರೆ ಹೋಗಿಬಿಡುವುದು, ಅಕ್ಷರಶಃ ಹೋಗಿ ಎಸೆಯುವುದು. ಕರ್ತೃ ಮೊದಲು, ಕ್ರಿಯಾಪದ ಕಡೆಗೆ. ವಿಭಕ್ತಿಯು ನಾಮಪದದ ಹಿಂದೆ. ಹಿರಿಯರೊಡನೆ ಮಾತನಾಡುವಾಗ ಕ್ರಿಯಾಪದದ ಬಾಲವೇ ಬೇರೆ. ಎದುರಾದವರನ್ನು ಕೇಳುವ ಕುಶಲಪ್ರಶ್ನೆಯೂ “ಬಾಪ್ ಮೊಗೊಸ್ಸೊಯೊ?” ಎಂದೇ, ಅಂದರೆ “ಊಟ ಆಯ್ತಾ?” ಎಂದೇ.

ಈ ಸಾದೃಶ್ಯಕ್ಕೆ ಬೆರಗಾದವರಲ್ಲಿ ನಾನು ಮೊದಲಿಗನಲ್ಲ. ಸೋಲ್‌ನಲ್ಲಿ ಅಧ್ಯಾಪಕನಾಗಿದ್ದ ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ನನು 1905ರಲ್ಲಿ ಕೊರಿಯನ್ ಹಾಗೂ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಪ್ರಕಟಿಸಿದನು. ಅವರ ‘ನಾ’ ನಮ್ಮ ನಾನು. ಅವರ ‘ಅಪ್ಪಾ’ ನಮ್ಮ ಅಪ್ಪ. ಹುಲ್ಲಿಗೆ ಅವರು ‘ಪುಲ್’ ಎನ್ನುತ್ತಾರೆ, ಹಳಗನ್ನಡದಲ್ಲಿಯೂ ಅದು ‘ಪುಲ್’. ಇಂತಹ ಪದಗಳು ಕಾಕತಾಳೀಯವಾಗಿ ಹೊಂದಬಹುದೆಂದೂ, ಈ ಎರಡು ಕುಲಗಳಿಗೆ ರಕ್ತಸಂಬಂಧವು ಸಿದ್ಧವಾಗಿಲ್ಲವೆಂದೂ ಇಂದಿನ ಭಾಷಾವಿಜ್ಞಾನಿಗಳು ಹೇಳುತ್ತಾರೆ. ಅದನ್ನು ನಾನು ಒಪ್ಪುತ್ತೇನೆ. ಸಂಬಂಧಿಕರಲ್ಲದ ಎರಡು ನುಡಿಗಳು ‘ತಿಂದು ನೋಡು’ ಎಂಬಲ್ಲಿ ಹೀಗೆ ಸಂಧಿಸುವುದೇ ನನಗೆ ಹೆಚ್ಚಿನ ವಿಸ್ಮಯ.

ಆಮೇಲೆ ಅರಮನೆಯ ಅಡುಗೆಯವಳಾಗಿದ್ದು ರಾಜವೈದ್ಯೆಯಾದವಳ ಕಥೆ, ಐವತ್ತನಾಲ್ಕು ಕಂತುಗಳ ‘ಡೆ ಜಾಂಗ್ ಗುಮ್’ ಬಂದಿತು. ಅದರ ಪಾಕಶಾಲೆಯನ್ನು ಕುರಿತು ಬೇರೆಯೇ ಲೇಖನ ಬರೆಯಬೇಕು. ಇಲ್ಲಿ ಕೊರಿಯನ್ ಲಿಪಿಯ ಮಾತನ್ನಷ್ಟು ಹೇಳಿ ಮುಗಿಸುತ್ತೇನೆ. ಚೀನೀ ಅಕ್ಷರಗಳನ್ನು ಕಲಿಯಲಾರದ ಪ್ರಜೆಗಳಿಗಾಗಿ ದೊರೆ ಸೇಜೊಂಗನು 1443ರಲ್ಲಿ ರಚಿಸಿ 1446ರಲ್ಲಿ ಪ್ರಕಟಿಸಿದ ಆ ಲಿಪಿಯಲ್ಲಿ ಆಗ ಇಪ್ಪತ್ತೆಂಟು ಅಕ್ಷರಗಳಿದ್ದವು, ಈಗ ಇಪ್ಪತ್ತನಾಲ್ಕು. ನಕಾರದ ರೂಪವು ವಸಡಿಗೆ ತಗಲುವ ನಾಲಗೆಯ ತುದಿಯ ಚಿತ್ರ. ಮಕಾರವು ಬಾಯಿಯ ಚಿತ್ರ. ಕಂಠ್ಯ, ದಂತ್ಯ, ಓಷ್ಠ್ಯವೆಂದು ನಮ್ಮ ಹಿಂದಿನವರು ವರ್ಗಗಳಲ್ಲಿ ಜೋಡಿಸಿದುದನ್ನು ಆ ದೊರೆ ಗೆರೆಗಳಲ್ಲಿಯೇ ಬರೆದಿಟ್ಟನು. ನಮ್ಮ ದಕಾರದ ಹೊಟ್ಟೆ ಸೀಳಿದರೆ ಮಹಾಪ್ರಾಣವಾಗುವಂತೆ, ಅವರ ತಕಾರದ ಹೊಟ್ಟೆಯಲ್ಲಿ ಅಡ್ಡಗೆರೆಯೊಂದನ್ನು ಎಳೆದರೆ ಅದು ಮಹಾಪ್ರಾಣವಾಗುತ್ತದೆ.

ಮೊನ್ನೆ ಮೊಮ್ಮಗಳು ನನ್ನ ಕೈಯಿಂದ ಊರ ಹೆಸರನ್ನು ಬರೆಯಿಸಿದಳು. ನಮ್ಮಲ್ಲಿ ಐದು ಅಕ್ಷರ, ಅಲ್ಲಿಯೂ ಐದೇ ಗೂಡುಗಳು. ಟಕಾರವು ಅವರಲ್ಲಿಲ್ಲವಾಗಿ ದಂತ್ಯದಿಂದಲೇ ತೃಪ್ತನಾಗಬೇಕಾಯಿತು. ಮೊದಲ ‘ಕೊ’ಗೂ ನಾಲ್ಕನೆಯ ‘ಗೆ’ಗೂ ಅವಳು ಒಂದೇ ವ್ಯಂಜನವನ್ನು ಬರೆಯಹೇಳಿದಾಗ, ತಪ್ಪಾಯಿತೆಂದೆ. “ಇಲ್ಲ ತಾತ, ಪದದ ಮೊದಲಲ್ಲಿದ್ದರೆ ಅದು ಕ, ಎರಡು ಸ್ವರದ ಮಧ್ಯೆ ಬಂದರೆ ತಾನಾಗೇ ಗ” ಎಂದಳು. ಲೇಖನಿ ಅಲ್ಲಿಯೇ ನಿಂತಿತು. ಊರ ಹೆಸರಿನ ಕೊನೆಯ ‘ಗೆರೆ’ಯೂ ಮೂಲದಲ್ಲಿ ಕೆರೆಯೇ, ಸಮಾಸದಲ್ಲಿ ಕಕಾರಕ್ಕೆ ಗಕಾರವು ಆದೇಶವಾಗಿ ಬಂದಿದೆ ಎಂದು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು.