ಹಂಡೆಯ ತಾಮ್ರ, ತಂತಿಯ ಅಲ್ಯುಮಿನಿಯಂ

ನವಲಗುಂದ ತಾಲ್ಲೂಕಿನ ತಿರ್ಲಾಪುರದಂಥ ಊರುಗಳ ಹಳೆಯ ಮನೆಗಳಲ್ಲಿ ತಾಮ್ರದ ಜಾಗ ಬಚ್ಚಲು, ಅಲ್ಯುಮಿನಿಯಂನ ಜಾಗ ಅಡುಗೆಮನೆ. ಬಚ್ಚಲೊಲೆಯ ಮೇಲೆ ಕೂತ ಹಂಡೆ ಎರಡು ಮೂರು ತಲೆಮಾರು ಕಂಡಿರುತ್ತದೆ. ಮಸಿ ಹಿಡಿಯಲಿ, ಕಿಲುಬು ಕಟ್ಟಲಿ, ಹುಣಸೆಹಣ್ಣು ಉಪ್ಪು ಹಚ್ಚಿ ತಿಕ್ಕಿದರೆ ಕೆಂಪಗೆ ಹೊಳೆಯುತ್ತದೆ. ಒಳಗಿನ ಜರ್ಮನ್ ಬೋಗುಣಿಗೆ, ಅಂದರೆ ಅಲ್ಯುಮಿನಿಯಂ ಪಾತ್ರೆಗೆ, ಅಷ್ಟು ಆಯುಷ್ಯವಿಲ್ಲ. ಅಂಚು ಸೊಟ್ಟಗಾಗಿ, ತಳ ಸವೆದು, ಒಂದು ದಿನ ಗುಜರಿಯವನ ಚೀಲ ಸೇರುತ್ತದೆ. ಹೊಲಕ್ಕೆ ಹೋದರೆ ಲೆಕ್ಕ ತಿರುವುಮುರುವು. ಬಿಸಿಲು ಮಳೆಗೆ ಮೈಯೊಡ್ಡಿ ಕಂಬದಿಂದ ಕಂಬಕ್ಕೆ ಹಾಯುವ ತಂತಿ ಅಲ್ಯುಮಿನಿಯಂನದು, ಮೋಟರಿನ ಹೊಟ್ಟೆಯೊಳಗೆ ಬೆಚ್ಚಗೆ ಸುತ್ತಿಟ್ಟದ್ದು ತಾಮ್ರ. ಈ ಹಂಚಿಕೆ ಆದದ್ದು ಸುಮಾರು 120 ವರ್ಷಗಳಲ್ಲಿ. ಲೋಹಗಳ ಗುಣದ ಜೊತೆಗೆ ಸರ್ಕಾರದ ಖಜಾನೆಯೂ ಅದರಲ್ಲಿ ಕೈಯಾಡಿಸಿದೆ.

ತಾಮ್ರ ಮನುಷ್ಯನಿಗೆ ಸಾವಿರಾರು ವರ್ಷಗಳಿಂದ ಗೊತ್ತು. ಅದಿರನ್ನು ಇದ್ದಿಲಿನೊಡನೆ ಕಾಯಿಸಿದರೆ ಲೋಹ ಬಿಟ್ಟುಕೊಡುತ್ತದೆ. ಬಡಿದರೆ ಹಾಳೆಯಾಗುತ್ತದೆ, ಎಳೆದರೆ ಎಳೆಯಾಗುತ್ತದೆ, ಮಣ್ಣಲ್ಲಿ ಹೂತರೂ ಕಬ್ಬಿಣದಂತೆ ತುಕ್ಕು ತಿಂದು ಪುಡಿಯಾಗುವುದಿಲ್ಲ. ನಮ್ಮ ರಾಜರು ದಾನಪತ್ರಗಳನ್ನು ತಾಮ್ರದ ಹಲಗೆಯ ಮೇಲೆ ಕೊರೆಸಿದ್ದು ಈ ಭರವಸೆಯ ಮೇಲೆಯೇ.

ಅಲ್ಯುಮಿನಿಯಂ ಇದಕ್ಕಿಂತ ಎಷ್ಟೋ ಹೆಚ್ಚು ಇದೆ. ಭೂಮಿಯ ಹೊರಪದರದ ತೂಕದಲ್ಲಿ ಶೇ 8ರಷ್ಟು ಅದೇ. ತಾಮ್ರದ ಪಾಲು ಶೇ 0.01ಕ್ಕೂ ಕಡಿಮೆ. ತಿರ್ಲಾಪುರದ ಹೊಲದಲ್ಲಿ ಒಂದು ಎರೆ ಹೆಂಟೆ ಎತ್ತಿಕೊಂಡರೂ ಅದರೊಳಗೆ ಅಲ್ಯುಮಿನಿಯಂ ಇದೆ. ಮಳೆಗೆ ಉಬ್ಬಿ, ಬ್ಯಾಸಿಗೆಗೆ ಕಾಲು ಇಳಿಯುವಷ್ಟು ಬಿರುಕು ಬಿಡುವ ಆ ಜೇಡಿಯ ಪದರಗಳು ಸಿಲಿಕಾನ್, ಅಲ್ಯುಮಿನಿಯಂ, ಆಮ್ಲಜನಕ ಸೇರಿ ಆದವು. ಆದರೆ ಆಮ್ಲಜನಕವನ್ನು ಅದು ಹಿಡಿದ ಹಿಡಿತ ಎಷ್ಟು ಬಿಗಿಯೆಂದರೆ ಇದ್ದಿಲಿನ ಒಲೆಗೆ ಜಗ್ಗುವುದಿಲ್ಲ. ಹಾಗಾಗಿ ಕಾಲ ಕೆಳಗೇ ಬಿದ್ದಿದ್ದ ಲೋಹವನ್ನು ಮೊದಲ ಬಾರಿಗೆ ಬೇರ್ಪಡಿಸಿದ್ದು 1825ರಲ್ಲಿ, ಡೆನ್ಮಾರ್ಕಿನ ಓರ್ಸ್ಟೆಡ್. 1884ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಮಾರಕದ ತುದಿಗೆ ಅಪರೂಪದ ವಸ್ತುವೆಂದು ಅಲ್ಯುಮಿನಿಯಂನ ಕಿರೀಟ ತೊಡಿಸಿದರು. ಎರಡೇ ವರ್ಷಕ್ಕೆ, 1886ರಲ್ಲಿ, ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಒಬ್ಬರಿಗೊಬ್ಬರು ತಿಳಿಯದೆ ಒಂದೇ ದಾರಿ ಕಂಡರು. ಶುದ್ಧ ಮಾಡಿದ ಅಲ್ಯುಮಿನಾ, ಅಂದರೆ ಅಲ್ಯುಮಿನಿಯಂ ಆಕ್ಸೈಡಿನ ಪುಡಿಯನ್ನು, ಸುಮಾರು 960 ಡಿಗ್ರಿಯಲ್ಲಿ ಕರಗಿದ ಕ್ರಯೋಲೈಟ್ ಎಂಬ ಖನಿಜದಲ್ಲಿ ಬೆರೆಸಿ, ಅದರೊಳಗೆ ವಿದ್ಯುತ್ ಹಾಯಿಸುವುದು. ಒಂದು ಕಿಲೋ ಲೋಹಕ್ಕೆ ಇಂದಿಗೂ 13ರಿಂದ 15 ಯುನಿಟ್ ಕರೆಂಟು ಬೇಕು.

ಬೆಲೆ ಬಿದ್ದ ಮೇಲೆ ಅದು ನಮ್ಮ ದೇಶದ ಅಡುಗೆಮನೆಗೆ ಬಂದದ್ದು ಮದರಾಸಿನ ಬಾಗಿಲಿನಿಂದ. ಅಲ್ಲಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಎಂಜಿನಿಯರು 1898ರಲ್ಲಿ ಹೊರಗಿನಿಂದ ತರಿಸಿದ ಹಾಳೆಗಳಿಂದ ಪಾತ್ರೆ ಮಾಡಿಸತೊಡಗಿದರು. ತಾಮ್ರ, ಹಿತ್ತಾಳೆ ಕೊಳ್ಳಲಾಗದ ಮನೆಗೂ ಲೋಹದ ಪಾತ್ರೆ ಸಿಗಲಿ, ಸೊರಗುತ್ತಿದ್ದ ಕುಶಲಕರ್ಮಿಗಳಿಗೂ ಕೆಲಸವಾಗಲಿ ಎಂಬುದು ಅವರ ಲೆಕ್ಕ. ಇದೇ ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೈಗಾರಿಕಾ ನಿರ್ದೇಶಕರಾಗಿ ಬಂದರು.

ನಮ್ಮ ಹುಬ್ಬಳ್ಳಿಯಲ್ಲಿ ಕಂಚಗಾರ ಗಲ್ಲಿ ಎಂಬ ಹೆಸರೇ ಇದೆ. ಅಲ್ಯುಮಿನಿಯಂ ಬರುವ ಮೊದಲು ತಾಮ್ರ, ಹಿತ್ತಾಳೆ, ಕಂಚಿನ ಕೆಲಸ ಅಷ್ಟು ದೊಡ್ಡದಿತ್ತು. ಆದರೆ ತಾಮ್ರದ ಪಾತ್ರೆಯಲ್ಲಿ ಹುಳಿ ಬೇಯಿಸಿದರೆ ಲೋಹ ಸಾರಿಗಿಳಿಯುತ್ತದೆ, ವಾಂತಿಗೆ ದಾರಿ. ಅದಕ್ಕೇ ಒಳಮೈಗೆ ಕಲಾಯಿ. ಕಲಾಯಿಯವನು ಊರ ಕಟ್ಟೆಯ ಹತ್ತಿರ ಕುಳಿ ತೋಡಿ, ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚುತ್ತಿದ್ದ. ಬಿಳಿ ಹೊಗೆ ಏಳುತ್ತಿದ್ದಂತೆ ಜೊತೆಗೆ ಕಿಲುಬೂ ಕಿತ್ತು ಬರುತ್ತಿತ್ತು. 232 ಡಿಗ್ರಿಗೇ ಕರಗುವ ತವರದ ಕಡ್ಡಿಯನ್ನು ಮುಟ್ಟಿಸಿ, ಅರಳೆಯಿಂದ ಒಂದು ಸುತ್ತು ಒರೆಸಿದರೆ ಕೆಂಪು ಪಾತ್ರೆಯ ಒಳಗು ಕ್ಷಣದಲ್ಲಿ ಬೆಳ್ಳಗಾಗುತ್ತಿತ್ತು. ಹೆಚ್ಚು ಬಳಸಿದ ಪಾತ್ರೆಗೆ ಇದನ್ನು ಮತ್ತೆ ಮತ್ತೆ ಮಾಡಿಸಬೇಕು. ಜರ್ಮನ್ ಬೋಗುಣಿಗೆ ಈ ಖರ್ಚೇ ಇರಲಿಲ್ಲ. ತೂಕವೂ ತಾಮ್ರದ ಮೂರನೇ ಒಂದು ಪಾಲಿಗಿಂತ ಕಡಿಮೆ. ಕೆರೆಯಿಂದ ನೀರು ಹೊರುವ ಹೆಣ್ಣುಮಕ್ಕಳ ತಲೆಗೆ, ಕುತ್ತಿಗೆಗೆ ಅದು ಕೊಟ್ಟ ಬಿಡುಗಡೆ ಸಣ್ಣದಲ್ಲ ಎಂದೇ ನನ್ನ ನಂಬಿಕೆ. ಜರ್ಮನ್ ಎಂದು ಮೂಗು ಮುರಿಯುವವರು ತುಂಬಿದ ತಾಮ್ರದ ಕೊಡ ಹೊತ್ತವರಲ್ಲ.

ಆದರೆ ಅಲ್ಯುಮಿನಿಯಂಗೂ ಒಂದು ಕೊರತೆ ಇದೆ, ಅದು ನಮ್ಮ ಭಾಗದಲ್ಲಿ ಬೇಗ ಕಾಣುತ್ತದೆ. ಗಾಳಿ ಸೋಕಿದ ಕೂಡಲೇ ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡಿನ ಪೊರೆ ಕಟ್ಟುತ್ತದೆ. ಅದರ ಬಾಳಿಕೆಯೆಲ್ಲ ಆ ಪೊರೆಯಿಂದಲೇ. ಹುಳಿ ಅದನ್ನು ಕರಗಿಸುತ್ತದೆ, ಬಟ್ಟೆ ಸೋಡಾ, ಬೂದಿಯೂ ಕರಗಿಸುತ್ತವೆ. ಉಪ್ಪಿನ ಕ್ಲೋರೈಡು ಅಲ್ಲಲ್ಲಿ ತೂತು ಕೊರೆಯುತ್ತದೆ. ಎರೆ ನೆಲದ ಬೋರಿನ ಸವಳು ನೀರು ತುಂಬಿಟ್ಟ ಬೋಗುಣಿಯ ತಳದಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆಗಳು ಏಳುವುದು ಇದರಿಂದ. ಉಗುರಿನಿಂದ ಕೆರೆದರೆ ಹಿಟ್ಟು ಉದುರಿ, ಕೆಳಗೆ ಸಣ್ಣ ಗುಳಿ ಕಾಣುತ್ತದೆ.

ಕುಡಿಯುವ ನೀರು ಇಡಲು ತಾಮ್ರವೇ ಸರಿಯೆಂಬ ಹಿರಿಯರ ಮಾತಿಗೆ ಬೆಂಗಳೂರಿನ ಸಂಶೋಧಕರ ತಂಡವೊಂದು 2012ರಲ್ಲಿ ಆಧಾರ ಒದಗಿಸಿತು. ಕಾಲರಾ, ಆಮಶಂಕೆ ತರುವ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು 16 ತಾಸು ತಾಮ್ರದ ಪಾತ್ರೆಯಲ್ಲಿಟ್ಟು ನೋಡಿದರೆ ಜೀವಂತ ಬ್ಯಾಕ್ಟೀರಿಯಾ ಸಿಗಲಿಲ್ಲ. ನೀರಿಗಿಳಿದ ತಾಮ್ರ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 2 ಮಿಲಿಗ್ರಾಂಗಿಂತ ಬಹಳ ಕಡಿಮೆಯಿತ್ತು. ಮಲಪ್ರಭಾ ಕಾಲುವೆಯ ನೀರನ್ನು ಕೆರೆಗೆ ತುಂಬಿಸಿಕೊಂಡು ಕುಡಿಯುವ ನವಲಗುಂದದ ಹಳ್ಳಿಗಳಿಗೆ ಇದು ದೂರದ ಸುದ್ದಿಯಲ್ಲ. ರಾಡಿ ಸೋಸುವ ಕೆಲಸವನ್ನು ಮಾತ್ರ ತಾಮ್ರ ಮಾಡುವುದಿಲ್ಲ, ಆ ನೀರನ್ನು ಮೊದಲು ಸೋಸಿಯೇ ತುಂಬಬೇಕು.

ಇನ್ನು ಕಂಬದ ಕಥೆ. ಕರೆಂಟು ಹರಿಸುವುದರಲ್ಲಿ ಬೆಳ್ಳಿಯನ್ನು ಬಿಟ್ಟರೆ ತಾಮ್ರಕ್ಕೆ ಸಾಟಿಯಿಲ್ಲ. ತಾಮ್ರಕ್ಕೆ 100 ಅಂಕ ಕೊಟ್ಟರೆ ಅಲ್ಯುಮಿನಿಯಂಗೆ 61. ಅಂದರೆ ಅಷ್ಟೇ ಕರೆಂಟು ಒಯ್ಯಲು ತಂತಿಯ ಅಡ್ಡಕೊಯ್ತದ ವಿಸ್ತೀರ್ಣ 1.6 ಪಟ್ಟು ಬೇಕು. ಹಾಗೆ ದಪ್ಪ ಮಾಡಿದ ಮೇಲೂ ತೂಗಿದರೆ ಅದು ತಾಮ್ರದ ಅರ್ಧ. ಬಯಲಿನಲ್ಲಿ ತೂಗುವ ತಂತಿಗೆ ದಪ್ಪದ ಚಿಂತೆಯಿಲ್ಲ, ತೂಕದ್ದೇ ಚಿಂತೆ. ಸ್ವಾತಂತ್ರ್ಯದ ನಂತರ ಹಳ್ಳಿಹಳ್ಳಿಗೆ ಲೈನ್ ಎಳೆಯುವ ಹೊತ್ತಿಗೆ ಇನ್ನೊಂದು ಕಾರಣವೂ ಸೇರಿತು. ತಾಮ್ರದ ಬಹುಪಾಲು ಹೊರದೇಶದಿಂದ ಬರಬೇಕಿತ್ತು, ಅದಕ್ಕೆ ಕೊಡಲು ವಿದೇಶಿ ವಿನಿಮಯವಿರಲಿಲ್ಲ. ಚಿತ್ರದುರ್ಗದ ಇಂಗಳದಾಳ, ಹಾಸನ ಜಿಲ್ಲೆಯ ಕಲ್ಯಾಡಿಯ ತಾಮ್ರದ ಗಣಿಗಳು ಈ ಹಸಿವಿಗೆ ಸಾಲುವಂಥವಾಗಿರಲಿಲ್ಲ. ಅಲ್ಯುಮಿನಿಯಂನ ಅದಿರಾದ ಬಾಕ್ಸೈಟಿನ ಕೊರತೆ ನಮಗಿರಲಿಲ್ಲ. 1970ರ ಅಲ್ಯುಮಿನಿಯಂ ನಿಯಂತ್ರಣ ಆದೇಶವು ಉತ್ಪಾದನೆಯ ಅರ್ಧವನ್ನು ವಿದ್ಯುತ್ ತಂತಿಯ ದರ್ಜೆಯಲ್ಲೇ ತಯಾರಿಸಬೇಕೆಂದು ಕಾರ್ಖಾನೆಗಳಿಗೆ ಕಟ್ಟಪ್ಪಣೆ ಮಾಡಿತು. ಆ ನಿಯಂತ್ರಣ ಹೋದದ್ದು 1989ರಲ್ಲಿ.

ನಮಗೆ ಹತ್ತಿರದ ಕಾರ್ಖಾನೆ ಬೆಳಗಾವಿಯದು. ಇಂಡಿಯನ್ ಅಲ್ಯುಮಿನಿಯಂ ಕಂಪನಿ 1960ರ ದಶಕದ ಕೊನೆಗೆ ಅಲ್ಲಿ ನೆಲೆಯೂರಿತು, ಈಗ ಅದು ಹಿಂಡಾಲ್ಕೋ. ಕೊಲ್ಹಾಪುರ ಜಿಲ್ಲೆಯ ಸಹ್ಯಾದ್ರಿಯಿಂದ ಬಾಕ್ಸೈಟು ಬರುತ್ತಿತ್ತು. ಮುಂದೆ ಕರೆಂಟು ದುಬಾರಿಯಾಗಿ ಲೋಹ ಕರಗಿಸುವ ವಿಭಾಗ ನಿಂತಿತು, ಅಲ್ಯುಮಿನಾ ತಯಾರಿಕೆ ಉಳಿಯಿತು.

ಲೈನ್‌ಮನ್‌ಗಳು 'ರ‍್ಯಾಬಿಟ್' ಎನ್ನುವ ತಂತಿಯ ತುಂಡೊಂದನ್ನು ಬಿಚ್ಚಿ ನೋಡಿ. ಆರು ಅಲ್ಯುಮಿನಿಯಂ ಎಳೆಗಳ ನಡುವೆ ಒಂದು ಉಕ್ಕಿನ ಎಳೆ, ಪ್ರತಿಯೊಂದೂ 3.35 ಮಿ.ಮೀ. ಕರೆಂಟು ಒಯ್ಯುವುದು ಆರು, ಭಾರ ಹೊರುವುದು ಮುಖ್ಯವಾಗಿ ಒಂದು. ಬರೀ ಅಲ್ಯುಮಿನಿಯಂ ಆಗಿದ್ದರೆ ಕಂಬಗಳ ನಡುವೆ ಇನ್ನೂ ಹೆಚ್ಚು ಜೋತುಬೀಳುತ್ತಿತ್ತು.

ಮೋಟರಿನಲ್ಲಿ ಹಾಗಲ್ಲ. ಅಲ್ಲಿ ಕಬ್ಬಿಣದ ಹಲ್ಲುಗಳ ನಡುವಿನ ಸಂದಿಯಲ್ಲಿ ಇರುವಷ್ಟೇ ಜಾಗ. 1.6 ಪಟ್ಟು ಜಾಗ ತಿನ್ನುವ ತಂತಿ ತುರುಕಲು ಬರುವುದಿಲ್ಲ. ಹಾಗಾಗಿ ವೈಂಡಿಂಗ್ ಅಂಗಡಿಯಲ್ಲಿ ತಾಮ್ರದ್ದೇ ದರಬಾರು. ವೋಲ್ಟೇಜ್ ಇಳಿದಾಗ ಮೋಟರು ಹೆಚ್ಚು ಕರೆಂಟು ಎಳೆದು ಕಾಯುತ್ತದೆ, ಎನಾಮಲ್ ಸುಟ್ಟು ಸುರುಳಿ ಕರ್ರಗಾಗುತ್ತದೆ. ಅಗ್ಗಕ್ಕೆ ಅಲ್ಯುಮಿನಿಯಂ ಸುತ್ತಿದ ಮೋಟರು ಕೊಂಡ ರೈತನಿಗೆ ವೈಂಡಿಂಗಿನವರು ಹೇಳುವುದು ಒಂದೇ: "ಇದರಾಗ ಏನೂ ಉಳದಿಲ್ರೀ ಅಣ್ಣಾರ, ತಾಮ್ರ ಆಗಿದ್ರ ಗುಜರಿ ರೊಕ್ಕರೆ ಬರ್ತಿತ್ತು." ವಿಶೇಷವೆಂದರೆ ಅದೇ ಮೋಟರಿನ ತಿರುಗುವ ಭಾಗದಲ್ಲಿ, ಸಾಮಾನ್ಯ ಪಂಪ್‌ಗಳಲ್ಲಿ, ಅಲ್ಯುಮಿನಿಯಂ ಸರಳುಗಳನ್ನೇ ಎರಕ ಹೊಯ್ದಿರುತ್ತಾರೆ. 660 ಡಿಗ್ರಿಗೇ ಕರಗುವುದರಿಂದ ಎರಕ ಸುಲಭ. ತಾಮ್ರ ಕರಗಲು 1085 ಬೇಕು.

ನಿಜವಾದ ಅಪಾಯ ಇರುವುದು ಎರಡೂ ಕೈ ಕೂಡಿಸುವ ಕಡೆ. ಕಂಬದಿಂದ ಇಳಿದ ಅಲ್ಯುಮಿನಿಯಂ ಸರ್ವಿಸ್ ವೈರನ್ನು ಸ್ಟಾರ್ಟರಿನ ತಾಮ್ರದ ವೈರಿಗೆ ಬರಿಗೈಯಲ್ಲಿ ಹುರಿಹಾಕಿ ಟೇಪು ಸುತ್ತಿಬಿಡುವ ಜಾಯಿಂಟುಗಳು ಹೊಲದಲ್ಲಿ ಎಷ್ಟೋ. ಅಲ್ಯುಮಿನಿಯಂನ ಪೊರೆ ಕರೆಂಟು ಬಿಡುವುದಿಲ್ಲ. ಕಾದಾಗ ಅದು ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ, ಒತ್ತಡಕ್ಕೆ ನಿಧಾನವಾಗಿ ಹಿಂಡಿಹೋಗುತ್ತದೆ, ಆರಿದ ಮೇಲೆ ಜಾಯಿಂಟು ಸಡಿಲ. ಹಿಂಗಾರಿಯ ಇಬ್ಬನಿ ಬಿದ್ದರಂತೂ ಎರಡು ಲೋಹ ಸೇರಿ ಸಣ್ಣದೊಂದು ಬ್ಯಾಟರಿಯೇ ಆಗಿ ಅಲ್ಯುಮಿನಿಯಂ ಸವೆಯುತ್ತದೆ. ಟೇಪು ಬಿಚ್ಚಿದರೆ ಒಂದು ಬದಿ ಬಿಳಿ ಹಿಟ್ಟು, ಇನ್ನೊಂದು ಬದಿ ಹಸಿರು ಕಿಲುಬು, ನಡುವೆ ಸುಟ್ಟ ಕಲೆ. ಮೋಟರು ಸುಡುವುದಕ್ಕೂ, ಹಸಿ ನೆಲದಲ್ಲಿ ನಿಂತ ರೈತನಿಗೆ ಶಾಕ್ ಹೊಡೆಯುವುದಕ್ಕೂ ಇಂಥ ಜಾಯಿಂಟು ಸಾಕು.

ಇದಕ್ಕೆ ಪರಿಹಾರ ದುಬಾರಿಯಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಬೈಮೆಟಲ್ ಲಗ್ ಸಿಗುತ್ತದೆ, ಒಂದು ತುದಿ ಅಲ್ಯುಮಿನಿಯಂ, ಇನ್ನೊಂದು ತಾಮ್ರ. ಲೈನ್ ಬಂದ್ ಮಾಡಿಸಿ, ಅಲ್ಯುಮಿನಿಯಂ ತುದಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತಕ್ಷಣ ಜಾಯಿಂಟ್ ಗ್ರೀಸ್ ಸವರಿ, ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿಸಬೇಕು. ಕೆಲಸ ಗೊತ್ತಿದ್ದವರಿಂದಲೇ ಮಾಡಿಸಬೇಕು. ಬಯಲಲ್ಲಿ ಇರುವ ಜಾಯಿಂಟಾದರೆ ಅಲ್ಯುಮಿನಿಯಂ ಮೇಲೆ, ತಾಮ್ರ ಕೆಳಗೆ ಬರುವಂತೆ ನೋಡಿಕೊಳ್ಳಿ. ತಾಮ್ರದ ಮೇಲಿಂದ ಹರಿದ ಮಳೆನೀರು ಅಲ್ಯುಮಿನಿಯಂ ಮೇಲೆ ತೊಟ್ಟಿಕ್ಕಿದರೆ ಅದು ಬಿದ್ದಲ್ಲೆಲ್ಲ ಗುಳಿ ಬೀಳುತ್ತದೆ.